ಕಡಲಿನ ಬಣ್ಣ ಬದಲಾದರೆ ಮೀನು ಬಿಡಬೇಕಾ? ಕಾಸರಗೋಡು ತೀರದ ಗೊಂದಲದ ಹಿಂದಿನ ರಸಾಯನ

2025ರ ಮೇ 25ರಂದು ಎಂಎಸ್‌ಸಿ ಎಲ್ಸಾ 3 ಎಂಬ ಹಡಗು ಕೊಚ್ಚಿ ಸಮೀಪದ ಕಡಲಲ್ಲಿ ಮುಳುಗಿತು. ಅದರಲ್ಲಿ 640 ಕಂಟೇನರ್‌ಗಳಿದ್ದವು. 13ರಲ್ಲಿ ಅಪಾಯಕಾರಿ ಸರಕು, 12ರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್ ಇತ್ತು. ಎರಡು ವಾರ ಕಳೆದು, ಜೂನ್ 9ಕ್ಕೆ, ಕೊಲಂಬೊದಿಂದ ಮುಂಬೈ ಕಡೆ ಹೊರಟಿದ್ದ ವಾನ್ ಹೈ 503 ಹಡಗಿಗೆ ಕಣ್ಣೂರು ಜಿಲ್ಲೆಯ ಆಚೆ ಕಡಲಲ್ಲಿ ಬೆಂಕಿ ಬಿತ್ತು. ಆವತ್ತಿನಿಂದ ಕಾಸರಗೋಡು ಜಿಲ್ಲೆಯ ಮಂಜೇಶ್ವರದಿಂದ ತೃಕ್ಕರಿಪುರದವರೆಗೆ ಒಂದೇ ಪ್ರಶ್ನೆ: ಮೀನು ತಿನ್ನಬಹುದಾ?

ಈ ಪ್ರಶ್ನೆ ಹಡಗಿನಷ್ಟಕ್ಕೇ ನಿಲ್ಲಲಿಲ್ಲ. ಮಳೆಗಾಲ ಮುಗಿಯುವ ಹೊತ್ತಿಗೆ ನಮ್ಮ ಕಡಲು ಒಮ್ಮೊಮ್ಮೆ ಹಸಿರಾಗುತ್ತದೆ, ಒಮ್ಮೊಮ್ಮೆ ಕೆಂಪಾಗುತ್ತದೆ, ರಾತ್ರಿ ಅಲೆಗಳು ನೀಲಿಯಾಗಿ ಹೊಳೆಯುತ್ತವೆ. ಕೆಲವೊಮ್ಮೆ ಸತ್ತ ಮೀನು ದಡಕ್ಕೆ ಬಂದು ಬೀಳುತ್ತದೆ. ಇಂಥ ಒಂದು ವಿಡಿಯೊ ಮೊಬೈಲಿಗೆ ಬಂದರೆ ಸಾಕು, ಹಡಗಿನ ರಾಸಾಯನಿಕ, ಕಾರ್ಖಾನೆಯ ತ್ಯಾಜ್ಯ, ಎಂಡೋಸಲ್ಫಾನ್ ಕೀಟನಾಶಕ, ಪಾಚಿ ಎಲ್ಲವೂ ಒಂದೇ ಮಾತಿನಲ್ಲಿ ಸೇರಿಕೊಳ್ಳುತ್ತವೆ. ಒಬ್ಬರು ಮೀನೇ ಬೇಡ ಅನ್ನುತ್ತಾರೆ. ಇನ್ನೊಬ್ಬರು ಏನೂ ಆಗಲ್ಲ ಅನ್ನುತ್ತಾರೆ. ಇಬ್ಬರ ಕೈಯಲ್ಲೂ ಆಧಾರ ಇಲ್ಲ.

ಇವನ್ನು ಒಂದೊಂದಾಗಿ ಬಿಡಿಸಿ ನೋಡಬೇಕು.

ಎರಡು ಬಗೆಯ ವಿಷ

ಕಡಲಿನಲ್ಲಿ ನಮ್ಮ ಊಟಕ್ಕೆ ಬರಬಹುದಾದ ವಿಷಗಳಲ್ಲಿ ಮುಖ್ಯವಾಗಿ ಎರಡು ಬಗೆ. ಒಂದು, ಕಣ್ಣಿಗೆ ಕಾಣದ ಸೂಕ್ಷ್ಮ ಪಾಚಿಗಳು ತಾವೇ ತಯಾರಿಸುವ ವಿಷ. ಇದು ಪ್ರಕೃತಿಯದ್ದು, ಕಾರ್ಖಾನೆ ಹುಟ್ಟುವ ಎಷ್ಟೋ ಮೊದಲಿನಿಂದ ಇರುವಂಥದ್ದು. ಇನ್ನೊಂದು, ಮನುಷ್ಯರು ತಯಾರಿಸಿ ನೀರಿಗೆ ಬಿಟ್ಟದ್ದು: ಎಣ್ಣೆ, ಕೀಟನಾಶಕ, ಪಾದರಸದಂಥ ಲೋಹ, ಪ್ಲಾಸ್ಟಿಕ್.

ಇವೆರಡರ ನಡವಳಿಕೆ ಬೇರೆ ಬೇರೆ. ಪಾಚಿಯ ವಿಷಗಳಲ್ಲಿ ತುಂಬ ಅಪಾಯಕಾರಿಯಾದ ಸಾಕ್ಸಿಟಾಕ್ಸಿನ್ ನೀರಿನಲ್ಲಿ ಕರಗುತ್ತದೆ. ಬೇಗ ಬರುತ್ತದೆ, ಹೆಚ್ಚಿನ ಚಿಪ್ಪುಜೀವಿಗಳಿಂದ ಕೆಲವು ವಾರಗಳಲ್ಲಿ ಹೋಗಿಬಿಡುತ್ತದೆ. ಆದರೆ ಇದ್ದಷ್ಟು ದಿನ ಒಂದೇ ಊಟಕ್ಕೆ ಜೀವ ತೆಗೆಯಬಲ್ಲದು. ಮನುಷ್ಯ ಮಾಡಿದ ವಿಷಗಳಲ್ಲಿ ಹಲವು ನೀರಿನಲ್ಲಿ ಕರಗುವುದೇ ಕಡಿಮೆ. ಅವು ಕೆಸರಿಗೆ ಅಂಟುತ್ತವೆ, ಕೊಬ್ಬಿಗೆ ಸೇರುತ್ತವೆ, ಸಣ್ಣ ಮೀನಿನಿಂದ ದೊಡ್ಡ ಮೀನಿಗೆ ಹೋಗುತ್ತಾ ಜಾಸ್ತಿಯಾಗುತ್ತವೆ. ಇವತ್ತು ತಿಂದರೆ ಇವತ್ತೇ ಏನೂ ಕಾಣುವುದಿಲ್ಲ. ವರ್ಷಗಟ್ಟಲೆ ತಿಂದವರ ಮೈಯಲ್ಲಿ ನಿಧಾನವಾಗಿ ಕಾಣಿಸಿಕೊಳ್ಳುತ್ತದೆ.

ಹಾಗಾಗಿ "ಕಡಲು ವಿಷವಾಗಿದೆಯಾ?" ಅನ್ನುವ ಪ್ರಶ್ನೆಗೆ ಹೌದು, ಇಲ್ಲ ಎಂಬ ಉತ್ತರ ಇರಲು ಸಾಧ್ಯವಿಲ್ಲ. ಯಾವ ವಿಷ, ಯಾವ ಜೀವಿಯಲ್ಲಿ, ಎಷ್ಟು ಎಂದು ಕೇಳಬೇಕು.

ಬಣ್ಣ ಬರುವುದು ಯಾಕೆ

ನೈಋತ್ಯ ಮಾನ್ಸೂನ್ ಸಮಯದಲ್ಲಿ ನಮ್ಮ ಕರಾವಳಿಯ ಉದ್ದಕ್ಕೂ ಕಡಲಿನ ಅಡಿಯ ತಣ್ಣಗಿನ ನೀರು ಮೇಲೆ ಬರುತ್ತದೆ. ಅದರಲ್ಲಿ ಪಾಚಿಗೆ ಬೇಕಾದ ನೈಟ್ರೇಟ್, ಫಾಸ್ಫೇಟ್ ತುಂಬಿರುತ್ತದೆ. ಅದೇ ಹೊತ್ತಿಗೆ ಉಪ್ಪಳ, ಶಿರಿಯ, ಕುಂಬಳೆ, ಮೊಗ್ರಾಲ್, ಚಂದ್ರಗಿರಿ, ಕಾರ್ಯಂಗೋಡು ಹೊಳೆಗಳು ತೋಟದ ಗೊಬ್ಬರ, ಊರಿನ ಕೊಳಚೆ ಎಲ್ಲವನ್ನೂ ಹೊತ್ತು ತರುತ್ತವೆ. ಮಳೆ ನಿಂತು ಬಿಸಿಲು ಬಂದ ಕೂಡಲೇ ಪಾಚಿ ಒಮ್ಮೆಲೇ ಹೆಚ್ಚುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಬಣ್ಣದ ಸುದ್ದಿ ಜಾಸ್ತಿ ಬರುವುದು ಇದಕ್ಕೇ.

ಇದರಲ್ಲಿ ಬಹುಪಾಲು ಪಾಚಿ ನಿರಪಾಯ. ಬೂತಾಯಿ ಮೀನು ನಮ್ಮ ಕಡಲಲ್ಲಿ ಇಷ್ಟು ಸಿಗುವುದೇ ಈ ಪಾಚಿಯ ಪುಣ್ಯದಿಂದ. ರಾತ್ರಿ ನೀಲಿಯಾಗಿ ಹೊಳೆಯುವ ನಾಕ್ಟಿಲುಕಾ ಎಂಬ ಜೀವಿಯೂ ಮನುಷ್ಯರನ್ನು ಕೊಲ್ಲುವ ವಿಷ ತಯಾರಿಸುವುದಿಲ್ಲ. ಆದರೆ ಅದು ವಿಪರೀತ ಹೆಚ್ಚಿ, ಸತ್ತು ಕೊಳೆತಾಗ ನೀರಿನ ಆಮ್ಲಜನಕ ಮುಗಿಯುತ್ತದೆ, ಅಮೋನಿಯಾ ಏರುತ್ತದೆ. ಮೀನು ಸಾಯುವುದು ಉಸಿರುಗಟ್ಟಿ. ದಡಕ್ಕೆ ಬಿದ್ದ ಸತ್ತ ಮೀನೆಲ್ಲ ವಿಷ ತಿಂದು ಸತ್ತದ್ದು ಅಂತ ತೀರ್ಮಾನ ಮಾಡುವ ಹಾಗಿಲ್ಲ. 2004ರ ಸೆಪ್ಟೆಂಬರ್‌ನಲ್ಲಿ ದಕ್ಷಿಣ ಕೇರಳದ ತೀರದಲ್ಲಿ ಕಡಲು ನಾರಿ, ಮೀನು ಸತ್ತು, ದಡದ ಜನರಿಗೆ ವಾಕರಿಕೆ ಬಂದದ್ದೂ ಪಾಚಿ ಹೆಚ್ಚಿದಾಗಲೇ.

ಇದರ ಇನ್ನೊಂದು ಮಗ್ಗುಲು ಹೆಚ್ಚು ಕಳವಳದ್ದು. ಕೊಲ್ಲುವ ವಿಷ ತಯಾರಿಸುವ ಪಾಚಿಗಳು ನೀರಿಗೆ ಬಣ್ಣ ತರಲೇಬೇಕು ಅಂತಿಲ್ಲ. ಅವು ಕಡಿಮೆ ಸಂಖ್ಯೆಯಲ್ಲಿದ್ದಾಗಲೂ ಚಿಪ್ಪಿನ ಒಳಗೆ ವಿಷ ತುಂಬಬಲ್ಲವು. ನೀರು ತಿಳಿಯಾಗಿಯೇ ಇರುತ್ತದೆ, ಪಚ್ಚಿಲೆ ಎಂಬ ಚಿಪ್ಪುಜೀವಿ ನೋಡಲು ಚೆನ್ನಾಗಿಯೇ ಇರುತ್ತದೆ, ರುಚಿಯಲ್ಲೂ ಬದಲಾವಣೆ ಇಲ್ಲ.

ಮರುವಾಯಿ, ಪಚ್ಚಿಲೆಯ ವಿಷಯ

ಮೀನು ಮತ್ತು ಚಿಪ್ಪುಜೀವಿ ಒಂದೇ ಅಲ್ಲ. ಬಂಗುಡೆ, ಬೂತಾಯಿಯಂಥ ಮೀನು ಪಾಚಿ ತಿಂದರೂ ವಿಷ ಮುಖ್ಯವಾಗಿ ಕರುಳಿನಲ್ಲಿ ಉಳಿಯುತ್ತದೆ. ಹೊಟ್ಟೆ ತೆಗೆದು ತೊಳೆದರೆ ಅದರಲ್ಲಿ ಹೆಚ್ಚಿನದು ಹೋಗುತ್ತದೆ. ಮರುವಾಯಿ, ಪಚ್ಚಿಲೆ, ಕಡುಕ್ಕ, ಕಲ್ಲುಮ್ಮಕಾಯ ಅಂತ ನಾವು ಬೇರೆ ಬೇರೆ ಹೆಸರಲ್ಲಿ ಕರೆಯುವ ಜೀವಿಗಳ ದಾರಿಯೇ ಬೇರೆ. ಇವು ಕೂತಲ್ಲೇ ಕೂತು ಗಂಟೆಗೆ ಲೀಟರ್‌ಗಟ್ಟಲೆ ನೀರು ಎಳೆದು, ಸೋಸಣಿಗೆಯ ಹಾಗೆ ಸೋಸಿ, ಸಿಕ್ಕಿದ ಪಾಚಿಯನ್ನು ಹಿಡಿದಿಟ್ಟುಕೊಳ್ಳುತ್ತವೆ. ವಿಷ ಅವಕ್ಕೇನೂ ಮಾಡುವುದಿಲ್ಲ. ನಾವು ಅವನ್ನು ಕರುಳು ಸಮೇತ ತಿನ್ನುತ್ತೇವೆ.

ಸಾಕ್ಸಿಟಾಕ್ಸಿನ್ ನಮ್ಮ ನರಗಳಲ್ಲಿ ಸೋಡಿಯಂ ಓಡಾಡುವ ಬಾಗಿಲನ್ನು ಮುಚ್ಚುತ್ತದೆ. ಸೋಡಿಯಂ ಒಳಗೆ ಹೋಗದಿದ್ದರೆ ನರದಲ್ಲಿ ಸಂದೇಶ ಹರಿಯುವುದಿಲ್ಲ. ಮೊದಲು ತುಟಿ, ನಾಲಿಗೆ ಜುಮುಗುಡುತ್ತದೆ. ಆಮೇಲೆ ಬೆರಳು, ಕೈಕಾಲು. ವಿಷ ಜಾಸ್ತಿ ಇದ್ದರೆ ಉಸಿರಾಡಿಸುವ ಸ್ನಾಯುಗಳೇ ನಿಂತುಹೋಗುತ್ತವೆ. ಬೇಯಿಸಿದರೂ ಈ ವಿಷ ಸಾಯುವುದಿಲ್ಲ. ಹುಳಿ ಹಿಂಡಿದರೂ, ಫ್ರಿಜ್‌ನಲ್ಲಿಟ್ಟರೂ ಅಷ್ಟೇ. ಬೇಯಿಸಿದಾಗ ಒಂದಷ್ಟು ವಿಷ ನೀರಿಗೆ ಇಳಿಯುತ್ತದೆ ನಿಜ, ಆದರೆ ಮರುವಾಯಿ ಸುಕ್ಕದ ರುಚಿಯೇ ಆ ನೀರಿನಲ್ಲಿ ಇರುವುದು, ಅದನ್ನು ಯಾರೂ ಚೆಲ್ಲುವುದಿಲ್ಲ ಅಲ್ವಾ?

ಇದು ಯಾವುದೋ ದೂರದ ದೇಶದ ಮಾತಲ್ಲ. 1983ರಲ್ಲಿ ಕುಂಬಳೆಯ ಅಳಿವೆಯಿಂದ ತಂದ ಮರುವಾಯಿ ತಿಂದು ಒಬ್ಬ ಬಾಲಕ ತೀರಿಕೊಂಡ, ಕೆಲವರು ಆಸ್ಪತ್ರೆ ಸೇರಿದರು. ಕಾಸರಗೋಡು ಆಗ ಇನ್ನೂ ಪ್ರತ್ಯೇಕ ಜಿಲ್ಲೆಯಾಗಿರಲಿಲ್ಲ. ಮಂಗಳೂರಿನ ಮೀನುಗಾರಿಕಾ ಕಾಲೇಜಿನ ಇಡ್ಯಾ ಕರುಣಾಸಾಗರ್, ಇಂದ್ರಾಣಿ ಕರುಣಾಸಾಗರ್ ಮತ್ತು ಜೊತೆಗಾರರು ಆ ಪ್ರಕರಣವನ್ನು ಪರಿಶೀಲಿಸಿ, ಮರುವಾಯಿಯಲ್ಲಿ ಪಾಚಿಯ ವಿಷ ಇದ್ದದ್ದನ್ನು 1984ರಲ್ಲಿ ವಿಜ್ಞಾನ ಪತ್ರಿಕೆಯಲ್ಲಿ ದಾಖಲಿಸಿದರು. 1997ರ ಸೆಪ್ಟೆಂಬರ್‌ನಲ್ಲಿ ತಿರುವನಂತಪುರದ ವಿಳಿಂಜಂನಲ್ಲಿ ಇದೇ ಬಗೆಯ ವಿಷಕ್ಕೆ ಏಳು ಜನ ಬಲಿಯಾದರು, ನೂರಾರು ಜನ ಆಸ್ಪತ್ರೆ ಸೇರಿದರು. ಅಲ್ಲಿ ತಿಂದದ್ದು ಬಂಡೆಗೆ ಅಂಟಿ ಬೆಳೆಯುವ ಕಂದು ಕಲ್ಲುಮ್ಮಕಾಯ.

ಕುಂಬಳೆಯ ಈ ಘಟನೆ ನಮ್ಮ ಜಿಲ್ಲೆಯಲ್ಲಿ ಎಷ್ಟು ಜನರಿಗೆ ನೆನಪಿದೆ? ಪಠ್ಯದಲ್ಲಿಲ್ಲ, ಪಂಚಾಯತಿನ ಸೂಚನಾ ಫಲಕದಲ್ಲೂ ಇಲ್ಲ. ವಿಜ್ಞಾನಿಗಳು ಇವತ್ತಿಗೂ ಉಲ್ಲೇಖಿಸುವ ಪ್ರಕರಣವನ್ನು ಅದು ನಡೆದ ಊರೇ ಮರೆತಿರುವುದು ಸಣ್ಣ ವಿಷಯವಲ್ಲ. ಯಾಕೆಂದರೆ 1990ರ ದಶಕದ ಕೊನೆಯಿಂದ ಪಡನ್ನ, ಚೆರ್ವತ್ತೂರು ಕಡೆಯ ಹಿನ್ನೀರಿನಲ್ಲಿ ಕಲ್ಲುಮ್ಮಕಾಯ ಕೃಷಿ ದೊಡ್ಡದಾಗಿ ಬೆಳೆದಿದೆ. ಮಹಿಳೆಯರ ಸ್ವಸಹಾಯ ಗುಂಪುಗಳು ಸಾಲ ಮಾಡಿ ಹಗ್ಗ ಇಳಿಸುತ್ತವೆ. ಮಳೆಗಾಲಕ್ಕೆ ಮೊದಲು ಕೊಯ್ಲು. ಒಂದೇ ಒಂದು ಕೆಟ್ಟ ಘಟನೆ ಸಾಕು, ಇಡೀ ಕೃಷಿ ಮುಗ್ಗರಿಸುತ್ತದೆ.

ವಿಷ ಯಾವುದು ಎಂದು ಹುಡುಕುವುದು ಹೇಗೆ

1987ರ ಕೊನೆಯಲ್ಲಿ ಕೆನಡಾದಲ್ಲಿ ನೂರಕ್ಕೂ ಹೆಚ್ಚು ಜನ ಕಾಯಿಲೆ ಬಿದ್ದರು. ವಾಂತಿ, ಹೊಟ್ಟೆ ಹಿಡಿತದ ಜೊತೆಗೆ ಕೆಲವರಿಗೆ ನೆನಪೇ ಹೋಯಿತು. ಮೂವರು ತೀರಿಕೊಂಡರು. ಎಲ್ಲರೂ ತಿಂದದ್ದು ಪ್ರಿನ್ಸ್ ಎಡ್ವರ್ಡ್ ದ್ವೀಪದಲ್ಲಿ ಬೆಳೆಸಿದ ನೀಲಿ ಚಿಪ್ಪು. ಗೊತ್ತಿದ್ದ ಯಾವ ವಿಷದ ಲಕ್ಷಣಕ್ಕೂ ಇದು ಹೊಂದುತ್ತಿರಲಿಲ್ಲ. ಕೀಟನಾಶಕ ಅಂದರು ಕೆಲವರು, ಲೋಹ ಅಂದರು ಕೆಲವರು.

ಹ್ಯಾಲಿಫ್ಯಾಕ್ಸ್‌ನ ಪ್ರಯೋಗಾಲಯದ ರಸಾಯನಶಾಸ್ತ್ರಜ್ಞರು ಊಹೆಗೆ ಹೋಗಲಿಲ್ಲ. ಚಿಪ್ಪಿನ ಮಾಂಸವನ್ನು ಅರೆದು ಸಾರ ತೆಗೆದರು. ಅದನ್ನು ಇಲಿಗೆ ಚುಚ್ಚಿದಾಗ ಇಲಿ ಹಿಂಗಾಲಿನಿಂದ ಭುಜವನ್ನು ಒಂದೇ ಸಮನೆ ಕೆರೆದುಕೊಳ್ಳುತ್ತಿತ್ತು. ಆ ವಿಚಿತ್ರ ಕೆರೆತವೇ ಅವರಿಗೆ ಗುರುತಾಯಿತು. ಸಾರವನ್ನು ಎರಡು ಪಾಲು ಮಾಡಿದರು, ಯಾವ ಪಾಲಿಗೆ ಇಲಿ ಕೆರೆದುಕೊಳ್ಳುತ್ತದೋ ಅದನ್ನು ಇಟ್ಟುಕೊಂಡು ಉಳಿದದ್ದನ್ನು ಬಿಟ್ಟರು. ಮತ್ತೆ ಪಾಲು, ಮತ್ತೆ ಪರೀಕ್ಷೆ. ಪಕ್ಕದಲ್ಲೇ ಒಳ್ಳೆಯ ಚಿಪ್ಪಿನ ಸಾರವನ್ನೂ ಹೀಗೇ ಬಿಡಿಸುತ್ತಾ ಹೋದರು. ಕೊನೆಗೆ ಕೆಟ್ಟದ್ದರಲ್ಲಿ ಮಾತ್ರ ಇದ್ದು ಒಳ್ಳೆಯದರಲ್ಲಿ ಇಲ್ಲದ ಒಂದೇ ವಸ್ತು ಉಳಿಯಿತು. ಅದು ಡೊಮೊಯಿಕ್ ಆಮ್ಲ. ಜಪಾನಿನಲ್ಲಿ ಒಂದು ಕೆಂಪು ಕಡಲಕಳೆಯಲ್ಲಿ ಮೊದಲೇ ಸಿಕ್ಕಿದ್ದ, ಹೊಟ್ಟೆಹುಳಕ್ಕೆ ಮದ್ದಾಗಿ ಬಳಕೆಯಲ್ಲಿದ್ದ ವಸ್ತು. ಕೆಲಸ ಶುರುವಾಗಿ ಸುಮಾರು 104 ಗಂಟೆಯೊಳಗೆ ಉತ್ತರ ಸಿಕ್ಕಿತ್ತು.

ಇದರಿಂದ ಎರಡು ವಿಷಯ ಗೊತ್ತಾಗುತ್ತದೆ. ಒಂದು, ಹೋಲಿಸಲು ಒಳ್ಳೆಯ ಮಾದರಿ ಇಲ್ಲದಿದ್ದರೆ ಈ ಹುಡುಕಾಟ ಮುಂದೆ ಸಾಗುವುದೇ ಕಷ್ಟ. ಎರಡು, ಹೆಸರು ಗೊತ್ತಾದ ಕೂಡಲೇ ಮಿತಿ ಹಾಕಲು ಆಗುತ್ತದೆ. ಕಿಲೊಗೆ 20 ಮಿಲಿಗ್ರಾಂ ಎಂದು ಕೆನಡಾ ಹಾಕಿದ ಮಿತಿ ಆಮೇಲೆ ಬೇರೆ ದೇಶಗಳಿಗೂ ಬಂತು. ಸಾಕ್ಸಿಟಾಕ್ಸಿನ್ ಬಗೆಗೆ 100 ಗ್ರಾಂ ಮಾಂಸಕ್ಕೆ 80 ಮೈಕ್ರೊಗ್ರಾಂ ಮಿತಿ ಇದೆ. ನಮ್ಮ ದೇಶದ ಆಹಾರ ಸುರಕ್ಷತಾ ನಿಯಮದಲ್ಲೂ ಇದು ಇದೆ. ಕೊರತೆ ನಿಯಮದ್ದಲ್ಲ, ಅಳೆಯುವವರದ್ದು.

ಹಡಗಿನ ಸರಕಿನ ಕಥೆ ಬೇರೆ

ಈಗ ಹಡಗಿಗೆ ಬರೋಣ. ಜನ ತುಂಬ ಹೆದರಿದ್ದು ಕ್ಯಾಲ್ಸಿಯಂ ಕಾರ್ಬೈಡ್ ಹೆಸರು ಕೇಳಿ. ಅದು ನೀರಿಗೆ ಬಿದ್ದರೆ ಅಸಿಟಿಲೀನ್ ಅನಿಲವೂ ಸುಣ್ಣವೂ ಆಗುತ್ತದೆ. ಅನಿಲಕ್ಕೆ ಬೆಂಕಿ ಹಿಡಿಯಬಹುದು, ಆ ಜಾಗದ ನೀರು ಸ್ವಲ್ಪ ಹೊತ್ತು ಸುಣ್ಣದ ನೀರಿನ ಹಾಗೆ ಕ್ಷಾರವಾಗಬಹುದು. ಕಂಟೇನರ್ ಹತ್ತಿರ ಹೋಗುವವರಿಗೆ ಅಪಾಯ ಖಂಡಿತ ಇದೆ. ಆದರೆ ಇದು ಮೀನಿನ ಮೈಯಲ್ಲಿ ಸೇರಿ ನಮ್ಮ ತಟ್ಟೆಗೆ ಬರುವ ಬಗೆಯದ್ದಲ್ಲ.

ಎಣ್ಣೆ ಹಾಗಲ್ಲ. ಎಲ್ಸಾ 3ರ ಟ್ಯಾಂಕ್‌ಗಳಲ್ಲಿ 367 ಟನ್ ಫರ್ನೇಸ್ ಆಯಿಲ್, 84 ಟನ್ ಡೀಸೆಲ್ ಇತ್ತು. ಎಣ್ಣೆಯಲ್ಲಿರುವ ಕೆಲವು ಸಂಯುಕ್ತಗಳು ಕ್ಯಾನ್ಸರ್ ತರಬಲ್ಲವು. ಮೀನಿನ ದೇಹ ಅವನ್ನು ಒಡೆದು ಹೊರಹಾಕುತ್ತದೆ. ಚಿಪ್ಪುಜೀವಿಗೆ ಆ ಶಕ್ತಿ ಕಡಿಮೆ. ಇಲ್ಲೂ ಮೊದಲು ನೋಡಬೇಕಾದದ್ದು ಪಚ್ಚಿಲೆಯನ್ನೇ.

ಸುದ್ದಿಯಲ್ಲಿ ಹಿಂದೆ ಬಿದ್ದು, ಕಡಲಲ್ಲಿ ಬಹುಕಾಲ ಉಳಿಯುವುದು ಆ ಹಡಗಿನಿಂದ ದಡಕ್ಕೆ ಬಂದ ಬಿಳಿ ಪ್ಲಾಸ್ಟಿಕ್ ಕಾಳುಗಳು. ಟೋಕಿಯೊದ ವಿಜ್ಞಾನಿ ಹಿದೆಶಿಗೆ ತಕಾದ ಮತ್ತು ಜೊತೆಗಾರರು ಇಂಥ ಕಾಳುಗಳನ್ನೇ ಹೆಕ್ಕಿ ಪರೀಕ್ಷಿಸಿದವರು. ನೀರಿನಲ್ಲಿ ಅತಿ ಕಡಿಮೆ ಇರುವ, ಪಿಸಿಬಿ ಎಂಬ ಕೈಗಾರಿಕಾ ರಾಸಾಯನಿಕದಂಥ ವಿಷವನ್ನು ಈ ಕಾಳು ಹೀರಿಕೊಂಡು, ಸುತ್ತಲಿನ ನೀರಿಗಿಂತ ಲಕ್ಷ ಪಟ್ಟು, ಹತ್ತು ಲಕ್ಷ ಪಟ್ಟು ಹೆಚ್ಚು ಸಾಂದ್ರತೆಗೆ ಏರಿಸುತ್ತದೆ ಎಂದು ಅವರು 2001ರಲ್ಲಿ ತೋರಿಸಿದರು. 2005ರಿಂದ ಜಗತ್ತಿನ ಬೇರೆ ಬೇರೆ ತೀರಗಳಿಂದ ಜನ ಅಂಚೆಯಲ್ಲಿ ಕಾಳು ಕಳಿಸುತ್ತಾರೆ, ಅವರ ತಂಡ ಅಳೆಯುತ್ತದೆ. ಕಾಳು ಮುಟ್ಟಿದರೆ ಏನೂ ಆಗುವುದಿಲ್ಲ. ಅದನ್ನು ಮೀನು ತಿಂದು, ಆ ಮೀನನ್ನು ನಾವು ತಿಂದರೆ ಎಷ್ಟು ವಿಷ ನಮ್ಮ ಮೈಗೆ ಬರುತ್ತದೆ ಎಂಬ ಬಗ್ಗೆ ವಿಜ್ಞಾನಿಗಳಲ್ಲೇ ಇನ್ನೂ ಚರ್ಚೆ ಇದೆ.

ಪಡ್ರೆಯಲ್ಲಿ ಆದದ್ದು

ತಡವಾಗಿ ಅಳೆದರೆ ಏನಾಗುತ್ತದೆ ಎಂದು ಕಾಸರಗೋಡಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ಇಲ್ಲಿನ ಗೇರು ತೋಟಗಳ ಮೇಲೆ 1970ರ ದಶಕದ ಕೊನೆಯಿಂದ 2000ದವರೆಗೆ ಹೆಲಿಕಾಪ್ಟರ್‌ನಿಂದ ಎಂಡೋಸಲ್ಫಾನ್ ಸುರಿಯಿತು. ಎಣ್ಮಕಜೆ ಪಂಚಾಯತಿನ ಪಡ್ರೆಯಲ್ಲಿ ಕಾಯಿಲೆಗಳ ಬಗ್ಗೆ ಮೊದಲು ದನಿ ಎತ್ತಿದವರಲ್ಲಿ ಊರಿನ ವೈದ್ಯರು, ಕನ್ನಡದ ಪತ್ರಕರ್ತರು ಇದ್ದರು. 2001ರಲ್ಲಿ ದೆಹಲಿಯ ವಿಜ್ಞಾನ ಮತ್ತು ಪರಿಸರ ಕೇಂದ್ರ ಅಲ್ಲಿನ ರಕ್ತ, ನೀರು, ಮಣ್ಣಿನ ಮಾದರಿಗಳಲ್ಲಿ ಎಂಡೋಸಲ್ಫಾನ್ ಇದೆ ಎಂದಿತು. ಇನ್ನೊಂದು ಪ್ರಯೋಗಾಲಯದ ವರದಿ ಅದಕ್ಕೆ ಪೂರ್ತಿ ಉಲ್ಟಾ ಹೇಳಿತು. ಆಮೇಲೆ ಸಮಿತಿಯ ಮೇಲೆ ಸಮಿತಿ. ಸುಪ್ರೀಂ ಕೋರ್ಟ್ ದೇಶಾದ್ಯಂತ ತಡೆ ಹಾಕಿದ್ದು 2011ರ ಮೇ ತಿಂಗಳಲ್ಲಿ.

ಆ ಜಗಳ ಇಷ್ಟು ವರ್ಷ ಎಳೆದುಕೊಂಡು ಹೋಗಲು ಒಂದು ದೊಡ್ಡ ಕಾರಣ ಇದು: ಸಿಂಪಡಣೆ ಶುರುವಾಗುವ ಮೊದಲು, ನಡೆಯುತ್ತಿದ್ದಾಗ ಯಾರೂ ವ್ಯವಸ್ಥಿತವಾಗಿ ಅಳೆದಿರಲಿಲ್ಲ. ಹೋಲಿಸಲು ಹಳೆಯ ಲೆಕ್ಕ ಇಲ್ಲ ಅಂದರೆ ಯಾರು ಏನು ಬೇಕಾದರೂ ಹೇಳಬಹುದು. ನೊಂದವರೇ ಸಾಬೀತು ಮಾಡಬೇಕಾಗುತ್ತದೆ. ಕಡಲಿನ ವಿಷಯದಲ್ಲಿ ನಾವು ಈಗ ಅದೇ ಜಾಗದಲ್ಲಿ ನಿಂತಿದ್ದೇವೆ.

ಯಾರ ಮಾತಿನಲ್ಲಿ ಎಷ್ಟು ಸತ್ಯ

ಮೀನುಗಾರರು ಹೇಳುವುದು: ಕಡಲು ಬಣ್ಣ ಬದಲಿಸುವುದು ಹೊಸತಲ್ಲ, ಅಜ್ಜನ ಕಾಲದಿಂದ ನೋಡಿದ್ದೇವೆ, ಸುಮ್ನೆ ಹೆದರಿಸಿ ನಮ್ಮ ಹೊಟ್ಟೆಗೆ ಹೊಡೆಯಬೇಡಿ. ಇದರಲ್ಲಿ ಸತ್ಯವಿದೆ. ಗಾಳಿಸುದ್ದಿ ಹಬ್ಬಿದ ದಿನ ಬುಟ್ಟಿ ಹೊತ್ತು ಮನೆಮನೆಗೆ ಹೋಗುವ ಹೆಂಗಸಿಗೆ ಆಗುವ ನಷ್ಟವನ್ನು ಯಾರೂ ತುಂಬಿಕೊಡುವುದಿಲ್ಲ. ಆದರೆ ಅಜ್ಜನ ಕಾಲದ ಅನುಭವ ಮೀನಿಗೆ ಹೊಂದುವಷ್ಟು ಮರುವಾಯಿಗೆ ಹೊಂದುವುದಿಲ್ಲ. ಕುಂಬಳೆಯಲ್ಲಿ ತಿಂದವರೂ ಅನುಭವಸ್ಥರೇ.

ಅಧಿಕಾರಿಗಳು ಸಾಮಾನ್ಯವಾಗಿ "ಆತಂಕ ಬೇಡ" ಅನ್ನುತ್ತಾರೆ. ಹೆಚ್ಚಿನ ಸಲ ಅದು ಸರಿಯೂ ಇರುತ್ತದೆ. ತೊಂದರೆ ಏನೆಂದರೆ ಯಾವ ದಿನ, ಎಲ್ಲಿಂದ, ಎಷ್ಟು ಮಾದರಿ ತೆಗೆದರು, ಯಾವ ವಿಷಕ್ಕೆ ನೋಡಿದರು ಎಂಬ ವಿವರ ಆ ಮಾತಿನ ಜೊತೆ ಬರುವುದಿಲ್ಲ. ಎಂಡೋಸಲ್ಫಾನ್ ಕಂಡ ಜಿಲ್ಲೆಯ ಜನ ಬರೀ ಭರವಸೆ ನಂಬುವುದಿಲ್ಲ. ನಂಬಬೇಕು ಎಂದು ಕೇಳುವುದೂ ನ್ಯಾಯವಲ್ಲ.

ಪರಿಸರ ಕಾರ್ಯಕರ್ತರಲ್ಲಿ ಕೆಲವರು ಪ್ರತಿ ಮೀನಿನ ಸಾವಿಗೂ ಹಡಗನ್ನೋ ಕಾರ್ಖಾನೆಯನ್ನೋ ತೋರಿಸುತ್ತಾರೆ. ಅವರ ಕಾಳಜಿ ದೊಡ್ಡದು. ಆದರೆ ಕಾರಣ ತಪ್ಪಾಗಿ ಹೇಳಿದರೆ ನಿಜವಾದ ತಪ್ಪಿತಸ್ಥರು ನ್ಯಾಯಾಲಯದಲ್ಲಿ ಸುಲಭವಾಗಿ ಜಾರಿಕೊಳ್ಳುತ್ತಾರೆ.

ಉಪಗ್ರಹ ಇದೆಯಲ್ಲ ಅನ್ನುವವರೂ ಇದ್ದಾರೆ. ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ಪಾಚಿ ಹೆಚ್ಚುವುದರ ಬಗ್ಗೆ ಉಪಗ್ರಹದ ಮಾಹಿತಿ ಕೊಡುತ್ತದೆ, ಒಳ್ಳೆಯ ಕೆಲಸ. ಆದರೆ ಉಪಗ್ರಹಕ್ಕೆ ಕಾಣುವುದು ಬಣ್ಣ. ವಿಷ ಇದೆಯಾ ಎಂದು ಅದು ಹೇಳಲಾರದು. ಮೋಡ ಕವಿದರೆ ಬಣ್ಣವೂ ಕಾಣದು. ಕುಂಬಳೆ, ಶಿರಿಯದಂಥ ಸಣ್ಣ ಅಳಿವೆಗಳ ಒಳಗಿನ ಸ್ಥಿತಿ ಅದರ ಕಣ್ಣಿಗೆ ಬೀಳುವುದು ಕಷ್ಟ.

ಆಗಬೇಕಾದದ್ದು ದೊಡ್ಡ ಯೋಜನೆಯೇನಲ್ಲ. ಮರುವಾಯಿ ಹೆಕ್ಕುವ ಅಳಿವೆಗಳಿಂದ, ಕಲ್ಲುಮ್ಮಕಾಯ ಬೆಳೆಸುವ ಹಿನ್ನೀರಿನಿಂದ ಕೊಯ್ಲಿನ ಕಾಲದಲ್ಲಿ ಮತ್ತು ಮಳೆಗಾಲದ ಕೊನೆಗೆ ವಾರಕ್ಕೊಮ್ಮೆ ಒಂದಷ್ಟು ಚಿಪ್ಪು ತೆಗೆದು ಮಾಂಸ ಪರೀಕ್ಷಿಸುವುದು. ವಿಷ ಮಿತಿ ದಾಟಿದರೆ ಆ ಒಂದು ಅಳಿವೆಯನ್ನು ಮಾತ್ರ ಕೆಲವು ವಾರ ಮುಚ್ಚುವುದು. ಯುರೋಪಿನ ಹಲವು ದೇಶಗಳು ವರ್ಷಗಳಿಂದ ಹೀಗೇ ಮಾಡುತ್ತಿವೆ. ಪರೀಕ್ಷಿಸಬಲ್ಲವರೂ ದೂರ ಇಲ್ಲ: ಮಂಗಳೂರಿನಲ್ಲಿ ಮೀನುಗಾರಿಕಾ ಕಾಲೇಜು, ಕೊಚ್ಚಿಯಲ್ಲಿ ಕೇಂದ್ರೀಯ ಮೀನುಗಾರಿಕಾ ಸಂಸ್ಥೆಗಳು, ಪೆರಿಯದಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ಹೊರದೇಶಕ್ಕೆ ಹೋಗುವ ಸಿಗಡಿಗೆ ಪರೀಕ್ಷೆ ಇದೆ. ಕುಂಬಳೆ ಪೇಟೆಯಲ್ಲಿ ಮಾರುವ ಮರುವಾಯಿಗೂ ಅದೇ ಕಾಳಜಿ ಬೇಕು.

ಹೀಗೆ ಮಾಡಿದರೆ ಮೀನುಗಾರರಿಗೂ ಲಾಭ. ಇಂಥ ವಾರ, ಇಂಥ ಅಳಿವೆ, ವಿಷ ಇಷ್ಟು ಎಂಬ ಅಂಕಿ ಕೈಯಲ್ಲಿದ್ದರೆ ಗಾಳಿಸುದ್ದಿಗೆ ಉತ್ತರ ಕೊಡಬಹುದು. ಮುಂದೆ ಇನ್ನೊಂದು ಹಡಗು ಮುಳುಗಿದರೆ ಪರಿಹಾರ ಕೇಳಲು ಹಳೆಯ ಲೆಕ್ಕ ಇರುತ್ತದೆ.

ಗಡಿಯ ಎರಡು ಕಡೆ

ಇಲ್ಲಿ ಇನ್ನೊಂದು ತೊಡಕಿದೆ. ಕಾಸರಗೋಡಿನ ಮೀನು ಪೇಟೆಗೆ ಮಂಗಳೂರು ದಕ್ಕೆಯಿಂದಲೂ ಮೀನು ಬರುತ್ತದೆ, ಇಲ್ಲಿಯದು ಅಲ್ಲಿಗೂ ಹೋಗುತ್ತದೆ. ಕೇರಳ, ಕರ್ನಾಟಕ ಎರಡು ರಾಜ್ಯ, ಎರಡು ಆಹಾರ ಸುರಕ್ಷತಾ ಇಲಾಖೆ. ಗಡಿಯಲ್ಲಿರುವ ತಲಪಾಡಿಯ ಆಚೆ ಕೊಟ್ಟ ಎಚ್ಚರಿಕೆ ಈಚೆ ತಲುಪುವ ವ್ಯವಸ್ಥೆ ಬೇಕು. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಆ ಎಚ್ಚರಿಕೆ ಕನ್ನಡದಲ್ಲೂ ಬರಬೇಕು. ಜೀವ ಉಳಿಸುವ ಸೂಚನೆಯನ್ನು ಅನುವಾದಕ್ಕೆ ಕಾಯಿಸುವ ಹಾಗಿಲ್ಲ.

ಸಾಕ್ಸಿಟಾಕ್ಸಿನ್‌ಗೆ ಪ್ರತಿಮದ್ದು ಇಲ್ಲ. ಉಸಿರಾಟ ನಿಂತರೆ ವೆಂಟಿಲೇಟರ್ ಒಂದೇ ದಾರಿ. ವಿಷ ಮೈಯಿಂದ ಹೊರಹೋಗುವ ತನಕ ಯಂತ್ರ ಉಸಿರಾಡಿಸಿದರೆ ರೋಗಿ ಬದುಕುತ್ತಾರೆ, ಆಮೇಲೆ ಸಾಮಾನ್ಯವಾಗಿ ಪೂರ್ತಿ ಚೇತರಿಸಿಕೊಳ್ಳುತ್ತಾರೆ. ಅಂದರೆ ಮೊದಲ ಕೆಲವು ಗಂಟೆಗಳೇ ಮುಖ್ಯ. ಉತ್ತರ ಕಾಸರಗೋಡಿನ ಜನ ಇಂಥ ಚಿಕಿತ್ಸೆಗೆ ಮಂಗಳೂರನ್ನೇ ನಂಬಿದ್ದಾರೆ. 2020ರ ಲಾಕ್‌ಡೌನ್‌ನಲ್ಲಿ ತಲಪಾಡಿ ರಸ್ತೆ ಮುಚ್ಚಿದಾಗ ಆಸ್ಪತ್ರೆ ತಲುಪಲಾಗದೆ ಇಲ್ಲಿ ಜೀವಗಳು ಹೋದವು. ಅದಕ್ಕೂ ಏಳು ವರ್ಷ ಮೊದಲೇ, 2013ರಲ್ಲಿ, ಇದೇ ಜಿಲ್ಲೆಯ ಉಕ್ಕಿನಡ್ಕದ ವೈದ್ಯಕೀಯ ಕಾಲೇಜಿಗೆ ಶಂಕುಸ್ಥಾಪನೆ ಆಗಿತ್ತು.

ಮರುವಾಯಿ, ಪಚ್ಚಿಲೆ ತಿಂದ ಅರ್ಧ ಗಂಟೆಯಿಂದ ಕೆಲವು ಗಂಟೆಯೊಳಗೆ ತುಟಿ ಜುಮುಗುಟ್ಟಿದರೆ, ನಾಲಿಗೆ ಮರಗಟ್ಟಿದರೆ ಗ್ಯಾಸ್ಟ್ರಿಕ್ ಅಂತ ಮನೆಯಲ್ಲಿ ಕೂರಬಾರದು. ವೆಂಟಿಲೇಟರ್ ಇರುವ ಆಸ್ಪತ್ರೆಗೇ ನೇರ ಹೋಗಬೇಕು, ಏನು ತಿಂದದ್ದು ಎಂದು ವೈದ್ಯರಿಗೆ ಮೊದಲೇ ಹೇಳಬೇಕು. ಪಾತ್ರೆಯಲ್ಲಿ ಉಳಿದದ್ದನ್ನು, ಬೇಯಿಸದೆ ಇಟ್ಟ ಚಿಪ್ಪನ್ನು ಎಸೆಯಬಾರದು. ಕವರಿನಲ್ಲಿ ಕಟ್ಟಿ ಫ್ರಿಜ್‌ನಲ್ಲಿಟ್ಟು, ಎಲ್ಲಿಂದ ಯಾವತ್ತು ತಂದದ್ದು ಎಂದು ಬರೆದಿಟ್ಟರೆ, ಯಾವ ಅಳಿವೆ ಮುಚ್ಚಬೇಕು ಎಂದು ಮರುದಿನವೇ ತಿಳಿಯಲು ಅದು ಬೇಕಾಗುತ್ತದೆ.